ನಲವತ್ತೊಂದು ಪರದೆ ಮೇಲೆ ದೇವಯ್ಯನ ಭುಜ

ರಂಜಿತ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಕೇಳುವವರು ಅವಳಿಗೆ ನಾಲ್ಕು ಮಾತು ಬೈಯದೆ ಬಿಡುವುದಿಲ್ಲ. ಅವಳೇ ತನಗೆ ಬೈದುಕೊಂಡಿರುವುದರ ಮುಂದೆ ಅದೇನೂ ದೊಡ್ಡದಲ್ಲ ಬಿಡಿ.

ಪಾಂಡವಪುರದ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಒಂದು ಗೊಬ್ಬರದ ಅಂಗಡಿ, ಅದರ ಮಹಡಿ ಮೇಲೆ ಅವಳ ವಿಡಿಯೊ ಅಂಗಡಿ, ಒಂದೇ ಕೋಣೆ. ಮೆಟ್ಟಿಲು ಹತ್ತುವಾಗ ಮೂಗಿಗೆ ಗೊಬ್ಬರದ ಘಾಟು, ಮೇಲೆ ಹೋದರೆ ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ಹಳೇ ಸೀರೆಯ ಪರದೆ. ಗಂಡ ಸಂತೋಷ್ ನಾಗಮಂಗಲದ ಕಡೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅವನು ಬಸ್ಸು ಹತ್ತಿದ ಮೇಲೆ ಇವಳು ಬೀಗ ತೆಗೆಯುತ್ತಾಳೆ. ಮದುವೆ ಕರೆಯೋಲೆಯ ವಿಡಿಯೊ, ನಾಮಕರಣದ್ದು, ಗೃಹಪ್ರವೇಶದ್ದು, ಎಲ್ಲಾ ಮಾಡುತ್ತಾಳೆ. ಆದರೆ ಹೆಸರು ಬಂದಿರುವುದು ತಿಥಿ ವಿಡಿಯೊಗೆ. ಹನ್ನೊಂದನೇ ದಿನ ಶಾಮಿಯಾನದ ಕೆಳಗೆ ದೊಡ್ಡ ಪರದೆ ನಿಲ್ಲಿಸಿ, ಸತ್ತವರ ಫೋಟೋ ಮೇಲೆ ಹೂವು ಉದುರಿಸಿ, ದೀಪ ಉರಿಸಿ ತೋರಿಸುತ್ತಾರಲ್ಲ, ಅದು. ಅಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ರಂಜಿತ ಮಾಡಿದ್ದರಲ್ಲಿ ಮಾತ್ರ ಸತ್ತವರು ಉಸಿರಾಡುತ್ತಾರೆ. ಎದೆ ಒಂದು ಎಳೆಯಷ್ಟು ಏಳುತ್ತದೆ, ಇಳಿಯುತ್ತದೆ, ಭುಜ ಅದರ ಜೊತೆ ಅಲುಗುತ್ತದೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು "ಅಯ್ಯೋ, ಎದ್ದು ಕೂತವ್ರೆ ಕಣ್ರವ್ವಾ" ಅಂತ ಅಳುತ್ತಾರೆ. ಕೆ.ಆರ್. ಪೇಟೆ, ಶ್ರೀರಂಗಪಟ್ಟಣದಿಂದೆಲ್ಲ ಜನ ಅದಕ್ಕೇ ಹುಡುಕಿಕೊಂಡು ಬರುತ್ತಾರೆ.

ಸರಿ, ಉಸಿರಾಡಿಸುವುದಕ್ಕೆ ಭುಜ ಬೇಕಲ್ಲ? ಅಲ್ಲೇ ಬಂತು ನೋಡಿ ಎಡವಟ್ಟು. ನಮ್ಮ ಕಡೆ ಗಂಡಸರು ಬದುಕಿರುವಾಗ ಫೋಟೋಗೆ ನಿಲ್ಲುವ ಪೈಕಿ ಅಲ್ಲ. ಸತ್ತ ಮೇಲೆ ಮನೆಯವರು ಟ್ರಂಕು ತಡಕಿ ಏನು ಸಿಕ್ಕಿತೋ ಅದನ್ನು ತರುತ್ತಾರೆ. ರೇಷನ್ ಕಾರ್ಡು, ವೋಟರ್ ಕಾರ್ಡು, ಯಾರದೋ ಮದುವೆ ಪಂಕ್ತಿಯಲ್ಲಿ ಅನ್ನ ಕಲಸುತ್ತ ತಲೆ ಎತ್ತಿದ್ದು. ತಲೆ ಇದ್ದರೆ ಭುಜ ಇಲ್ಲ. ಭುಜ ಇದ್ದರೆ ಬನಿಯನ್ನು, ಅದಕ್ಕೂ ತೂತು.

ಆಗ ಕೈಹಿಡಿಯುವುದು ಮಾಸ್ಕು. ರಂಗೋಲಿ ಹಾಕುವ ತಗಡಿನ ಅಚ್ಚು ಗೊತ್ತಲ್ಲ, ತೂತಿರುವ ಕಡೆ ಪುಡಿ ಬೀಳುತ್ತದೆ, ಇಲ್ಲದ ಕಡೆ ಬೀಳುವುದಿಲ್ಲ. ಹಾಗೆಯೇ ಫೋಟೋ ಮೇಲೆ ಮೌಸಿನಲ್ಲಿ ಚುಕ್ಕಿ ಇಡುತ್ತ ಇಡುತ್ತ ಗೆರೆ ಸುತ್ತಿದರೆ ಒಳಗಿನದು ಕಾಣುತ್ತದೆ, ಹೊರಗಿನದು ಮರೆಯಾಗುತ್ತದೆ. ಮರೆಯಾಗುತ್ತದೆ ಅಷ್ಟೆ, ನಾಶವಾಗುವುದಿಲ್ಲ. ಗೆರೆ ತೆಗೆದರೆ ಫೋಟೋ ಮೊದಲಿನ ಹಾಗೇ ಇರುತ್ತದೆ. ಒಂದು ಸಲ ನೀಟಾಗಿ ಸುತ್ತಿದ ಗೆರೆಗೆ ಹೆಸರಿಟ್ಟು ಉಳಿಸಿಕೊಂಡರೆ ಬೇಕಾದಷ್ಟು ಸಲ ಬಳಸಬಹುದು. ಬಳಸಲೇಬೇಕು ಕೂಡ. ಕಾಲರು, ಕಂಕುಳು, ಟವೆಲ್ಲಿನ ಮಡಿಕೆ ಅಂತ ಸುತ್ತುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಪ್ರತಿ ಸಲ ಹಾಗೇ ಮಾಡಿದರೆ ತಿಥಿ ಕಳೆದು ವರ್ಷದ ಎಡೆ ಬಂದಿರುತ್ತದೆ.

ಅಂಥ ಒಳ್ಳೆಯ ಭುಜ ಅವಳ ಹತ್ತಿರ ಒಂದಿತ್ತು. ಅವಳ ಅಪ್ಪನದು.

ಅಪ್ಪ ದೇವಯ್ಯ ಚಿನಕುರಳಿಯವನು. ಎರಡು ಎಕರೆ ಕಬ್ಬು, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೈರಿಗೆ ಕ್ಯಾನು ಹೊತ್ತು ನಡೆಯುವ ಮನುಷ್ಯ. ಮಾತು ಕಮ್ಮಿ, ಕುಹಕ ಜಾಸ್ತಿ. ಅವನಿಗೊಂದು ಚಾಳಿ. ಕ್ಯಾಮೆರಾ ಕಂಡರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತದೆ. ಆಧಾರ್ ಕಾರ್ಡಿಗೆ ಎಂಟು ಸಲ ತೆಗೆದು ಕೊನೆಗೆ ಹುಬ್ಬೇರಿಸಿ ಬಲವಂತವಾಗಿ ಕಣ್ಣು ಬಿಡಿಸಿದ್ದಕ್ಕೆ, ಸಂತೆಯಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. ಮಗಳ ಮದುವೆ ಆಲ್ಬಮ್ಮಿನಲ್ಲಿ ಧಾರೆ ಎರೆಯುವಾಗಲೂ ಕಣ್ಣು ಮುಚ್ಚಿದೆ, ಬೀಗರನ್ನು ಎದುರುಗೊಳ್ಳುವಾಗಲೂ ಮುಚ್ಚಿದೆ.

ಒಂದರಲ್ಲಿ ಮಾತ್ರ ಬಿಟ್ಟಿತ್ತು. ಒಂಬತ್ತು ವರ್ಷದ ಹಿಂದೆ, ಶ್ರೀರಂಗಪಟ್ಟಣದ ಛತ್ರದ ಬಾಗಿಲಲ್ಲಿ, ಹೆಣ್ಣು ಒಪ್ಪಿಸಿ ಕಳಿಸುವ ಹೊತ್ತು. ರಂಜಿತಳ ಚಿಕ್ಕಪ್ಪನ ಮಗ ಫೋನಿನಲ್ಲಿ ತೆಗೆದದ್ದು. ಬಿಳೀ ಅಂಗಿ, ಹಸಿರಂಚಿನ ಟವೆಲ್ಲು, ಎಡಭುಜವನ್ನು ಬಿಗಿಯಾಗಿ ಹಿಡಿದ ಮದರಂಗಿ ಕೈ. ಕೈ ರಂಜಿತಳದು. ದೇವಯ್ಯನ ಕಣ್ಣು ಪೂರ್ತಿ ಬಿಟ್ಟಿದೆ, ಕಣ್ಣಲ್ಲಿ ನೀರಿದೆ, ಆದರೂ ನಗುತ್ತಿದ್ದಾನೆ. ಆ ಫೋನು ಆಮೇಲೆ ಬೆಳಗೊಳದ ಹತ್ತಿರ ನಾಲೆಗೆ ಬಿತ್ತು. ಅಷ್ಟರಲ್ಲಿ ರಂಜಿತ ಫೋಟೋವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದಳು, ಪುಣ್ಯ. ಅಪ್ಪನಿಗೆ ತೋರಿಸಿದಾಗ "ಯಾರವ್ವ ಇದು, ಇಷ್ಟ್ ಚೆನ್ನಾಗವ್ನೆ?" ಅಂದಿದ್ದ.

ಏಳು ವರ್ಷದ ಹಿಂದೆ ಕೆ.ಆರ್. ಪೇಟೆ ಕಡೆಯ ಒಂದು ಮನೆಯವರು ವೋಟರ್ ಕಾರ್ಡು ಹಿಡಿದುಕೊಂಡು ಬಂದರು. ತಿಥಿ ನಾಳಿದ್ದು. ರಂಜಿತ ಬೇರೇನೂ ತೋಚದೆ ಅಪ್ಪನ ಫೋಟೋ ತೆರೆದು ಭುಜದ ಸುತ್ತ ಗೆರೆ ಸುತ್ತಿದಳು. ಮುಖ ಹೊರಗೆ ಹೋಯಿತು. ತನ್ನ ಕೈ ಹೊರಗೆ ಹೋಯಿತು. ಕೈ ಇದ್ದ ಜಾಗಕ್ಕೆ ಬಲಗಡೆಯ ಅಂಗಿಯನ್ನೇ ತೇಪೆ ಹಾಕಿದಳು. ಬೆರಳು ಒತ್ತಿ ಎದ್ದ ಸುಕ್ಕು ಮಾತ್ರ ಹೋಗಲಿಲ್ಲ. ಇರಲಿ ಬಿಡು, ನಿಜವಾದ ಅಂಗಿ ಅನ್ನಿಸುತ್ತೆ ಅಂದುಕೊಂಡಳು. ಸತ್ತವನ ತಲೆ ತಂದು ಕೂರಿಸಿ, ಕತ್ತಿನ ಅಂಚು ಮೆತ್ತಗೆ ಮಾಡಿ, ಉಸಿರು ಕೊಟ್ಟಳು. ಆ ಮನೆಯವರು ಗೊಳೋ ಅಂತ ಅತ್ತು, ಕೈಮುಗಿದು ಹೋದರು.

ಇವಳಿಗೆ ಮಾತ್ರ ಸಮಾಧಾನವಿರಲಿಲ್ಲ. ಬದುಕಿರುವವನ ಮೈ ಮೇಲೆ ಸತ್ತವನ ತಲೆ! ಬೇರೆಯವರು ಮಾಡಿದ್ದರೆ ಇವಳೇ ಚಪ್ಪಲಿ ತೆಗೆದುಕೊಂಡು ಹೋಗುತ್ತಿದ್ದಳು. ಆ ಸಂಜೆಯೇ ಚಿನಕುರಳಿಗೆ ಬಸ್ಸು ಹತ್ತಿ, ಅಪ್ಪನನ್ನು ಹೊಸಿಲಲ್ಲಿ ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಯಾಕವ್ವ?" ಅಂದ ದೇವಯ್ಯ. "ಸುಮ್ನೆ ಕಣಪ್ಪ, ದೃಷ್ಟಿ" ಅಂದಳು. ಎರಡನೇ ಸಲ ಬಳಸಿದಾಗಲೂ ಹೋಗಿ ನಿವಾಳಿಸಿದಳು. ಮೂರನೇ ಸಲ, ನಾಲ್ಕನೇ ಸಲವೂ ಹೋದಳು. ಆಮೇಲೆ ಆಷಾಢ ಮುಗಿದು ಕೆಲಸ ಹೆಚ್ಚಾಯಿತು, ಬಸ್ಸು ತಪ್ಪಿತು, ಮರೆತುಹೋಯಿತು. ಅಪ್ಪನಿಗೇನೂ ಆಗಲಿಲ್ಲ ಅನ್ನುವುದೇ ಅವಳಿಗೆ ಧೈರ್ಯವಾಯಿತು.

ಮಾಸ್ಕಿಗೆ ಮೊದಲು ಇಟ್ಟ ಹೆಸರು 'ಅಪ್ಪ'. ಹುಡುಕುವುದಕ್ಕೆ ಸುಲಭ ಅಂತ ಆಮೇಲೆ 'ಅಪ್ಪ ಭುಜ' ಮಾಡಿದಳು. ಕೋಟಿನದು, ಪೇಟದ್ದು ಅಂತ ಬೇರೆ ಮಾಸ್ಕುಗಳು ಸೇರಿದ ಮೇಲೆ ಸಾಲಾಗಿ ಇರಲಿ ಅಂತ 'ಗಂಡಸು-1' ಆಯಿತು. ಮೂರು ವರ್ಷದ ಹಿಂದೆ ಕಂಪ್ಯೂಟರು ಎಮ್ಮೆ ಥರ ನಿಂತಲ್ಲೇ ನಿಲ್ಲತೊಡಗಿದಾಗ ಒಂದು ಮಧ್ಯಾಹ್ನ ಕೂತು, ಭಾರ ಇರುವುದನ್ನೆಲ್ಲ ಹಗುರ ಮಾಡಿ, ಬೇಡದ್ದನ್ನೆಲ್ಲ ಒರೆಸಿ ಹಾಕಿದಳು. ಆ ದಿನ ಬಹಳ ನೆಮ್ಮದಿಯಾಗಿತ್ತು ಅವಳಿಗೆ.

ಈ ಯುಗಾದಿಗೆ ಚಿನಕುರಳಿ ಮನೆಗೆ ಸುಣ್ಣಬಣ್ಣ ಆಯಿತು. ಅವ್ವ ಪುಟ್ಟಗೌರಮ್ಮ ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆಸಿ, "ನಿಮ್ಮಪ್ಪನ್ ಛತ್ರದ ಫೋಟೋ ದೊಡ್ಡದು ಮಾಡಿಸ್ಕೊಂಡ್ ಬಾ. ಜೀವಮಾನಕ್ಕೆ ಒಂದ್ಸಲ ಕಣ್ ಬುಟ್ಟವ್ನೆ, ವಸಿ ನೋಡ್ಕತೀನಿ" ಅಂದಳು. ರಂಜಿತ ಆಯ್ತು ಅಂದಳು. ಮೊಳೆ ಹಾಗೇ ಇತ್ತು. ಕೆಲಸ ಕೆಲಸ ಅಂತ ಎರಡು ತಿಂಗಳು ದೂಡಿದಳು.

ಅಷ್ಟರಲ್ಲಿ ಸಂತೆಬಾಚಹಳ್ಳಿಯ ಚೌಡಯ್ಯ ತೀರಿಕೊಂಡ. ಅವನ ಹೆಂಡತಿ ಮಂಗಳಮ್ಮ ಪಾಸ್‌ಬುಕ್ಕಿನ ಫೋಟೋ ಕಿತ್ತುಕೊಂಡು ಬಂದಿದ್ದಳು. ರಂಜಿತ ಯಾರು ಏನು ವಿಚಾರಿಸದೆ 'ಗಂಡಸು-1' ಎಳೆದು ಕೂರಿಸಿ ಕಳಿಸಿದಳು. ಚೌಡಯ್ಯನೂ ದೇವಯ್ಯನೂ ಮೂವತ್ತು ವರ್ಷ ಒಟ್ಟಿಗೆ ದನದ ಸಂತೆಗೆ ಹೋದವರು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ತಿಥಿಯ ಮಾರನೇ ದಿನ ಹನ್ನೊಂದು ಗಂಟೆಗೆ ದೇವಯ್ಯ ಮೆಟ್ಟಿಲು ಹತ್ತಿ ಬಂದ. ಅಪ್ಪ ಅಂಗಡಿಗೆ ಬಂದದ್ದು ಅದು ಎರಡನೇ ಸಲ. ಕುರ್ಚಿ ಮೇಲೆ ಕೂತು, ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ಅದರ ಹಸಿರಂಚನ್ನು ಬೆರಳಲ್ಲಿ ಸವರುತ್ತ ಕೇಳಿದ.

"ಅಲ್ಲ ಕಣವ್ವ, ಚೌಡಯ್ಯ ನನ್ ಟವೆಲ್ನ ಯಾವಾಗ ಇಸ್ಕೊಂಡೋಗಿದ್ದ?"

ರಂಜಿತ ಮೌಸು ಬಿಟ್ಟು ಅಪ್ಪನ ಕಡೆ ತಿರುಗಿದಳು.

"ಟವೆಲ್ ಮಾತ್ರ ಅಲ್ಲ, ಅಂಗೀನೂ ನಂದೇ" ಅಂದ. "ಉಣ್ಣಕ್ಕೆ ಕೂತಿದ್ದೆ. ಪರದೆ ನೋಡ್ದೆ. ನಾನ್ ಕೂತು ಉಸುರಾಡ್ತಾವ್ನಿ, ಮ್ಯಾಲೆ ಚೌಡಯ್ಯ ಅವ್ನೆ. ಮುದ್ದೆ ಗಂಟ್ಲಲ್ಲೇ ನಿಂತ್ಕತು."

ಸುಳ್ಳು ಹೇಳುವುದಕ್ಕೆ ಜಾಗವೇ ಇರಲಿಲ್ಲ. ರಂಜಿತ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ತಪ್ಪಾಯ್ತು ಕಣಪ್ಪ, ನಿವಾಳಿಸ್ತಿದ್ದೆ, ಆಮೇಲೆ ಬಿಟ್ಬುಟ್ಟೆ, ಬೇಕಿದ್ರೆ ಹೊಡಿ ಅಂದಳು. ದೇವಯ್ಯ ಹೊಡೆಯಲಿಲ್ಲ. "ಇನ್ನೂ ಯಾರ್ಯಾರಿಗೆ ಕೊಟ್ಟಿದ್ದೀಯ, ತೋರ್ಸು" ಅಂದ.

ಅವಳು ಒಂದೊಂದಾಗಿ ತೆರೆದಳು. ನಲವತ್ತೊಂದು ಜನ. ದೇವಯ್ಯ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅರ್ಧದಷ್ಟು ಜನ ಗುರುತಿನವರೇ, ಆದರೆ ತಿಥಿಗೆ ಹೋಗುವಷ್ಟು ಬಳಕೆ ಇಲ್ಲದವರು. "ಓ ಇವ್ನಾ! ಪಾಪ, ಬದುಕಿದ್ದಾಗ ಇಂಥಾ ಅಂಗಿ ಒಂದಿನಾನೂ ಹಾಕ್ಲಿಲ್ಲ" ಅಂದ. ಇನ್ನೊಬ್ಬನಿಗೆ ಕೈಮುಗಿದ. ಇಪ್ಪತ್ತಮೂರನೆಯದು ತೆರೆದಾಗ ಎದ್ದೇ ನಿಂತುಬಿಟ್ಟ. "ಲೇ! ಚಿಕ್ಕಸ್ವಾಮಿ! ಸಾಯೋಗಂಟ ನನ್ ಗದ್ದೆ ಬದ ಒತ್ತರಿಸಿದ ನನ್ಮಗ. ಇವ್ನಿಗೂ ನನ್ ಹೆಗಲೇ ಬೇಕಾಗಿತ್ತಾ? ಗದ್ದೆ ಸಾಲ್ದು ಅಂತ ಮೈಯೂ ಒತ್ತರಿಸ್ಬುಟ್ನಲ್ಲ!" ಅಂತ ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು. ರಂಜಿತಳಿಗೂ ಅಳುವಿನ ಮಧ್ಯೆ ನಗು ಬಂತು. ಅಬ್ಬ, ಇಷ್ಟಕ್ಕೆ ಮುಗಿಯಿತು, ಬದುಕಿದೆ ಅಂದುಕೊಂಡಳು.

ನೀರು ಕುಡಿದು ಲೋಟ ಕೆಳಗಿಟ್ಟು ದೇವಯ್ಯ ಕೇಳಿದ: "ಸರಿ, ಇವ್ರೆಲ್ಲಾ ಆಯ್ತು. ನನ್ ಮಕ ಎಲ್ಲಿ?"

ಗೆರೆ ತೆಗೆದರೆ ಮೊದಲಿನ ಫೋಟೋ ಬರಬೇಕು. ರಂಜಿತ ಗೆರೆ ತೆಗೆದಳು. ಭುಜದ ಮೇಲೆ ಏನೂ ಬರಲಿಲ್ಲ, ಖಾಲಿ. ಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ಅವಳಿಗೆ ಆಗ ನೆನಪಾಯಿತು. ಗೆರೆಯ ಒಳಗಿನದಷ್ಟನ್ನು ಬೇರೆ ಚಿತ್ರ ಮಾಡಿ ಉಳಿಸಿಕೊಂಡು, ಹೊರಗಿನದೆಲ್ಲ ಇದ್ದ ಹಳೇ ಫೋಟೋವನ್ನು ಭಾರ ಅಂತ ಒರೆಸಿ ಹಾಕಿದ್ದಳು. ಮರೆಯಾಗಿದ್ದದ್ದನ್ನು ನಾಶ ಮಾಡಿದ್ದವಳು ಅವಳೇ. ಹೆಸರು 'ಅಪ್ಪ' ಅಂತಲೇ ಇದ್ದಿದ್ದರೆ ಕೈ ತಡೆಯುತ್ತಿತ್ತೋ ಏನೋ. 'ಗಂಡಸು-1' ಅಂತ ಇದ್ದದ್ದಕ್ಕೆ ಯಾಕೆ ತಡೆಯುತ್ತದೆ?

"ಅದು ಬೇರೆ ಡಿಸ್ಕಲ್ಲಿ ಅದೆ ಕಣಪ್ಪ. ಮನೇಲಿ ಅದೆ" ಅಂದಳು.

ಇದು ನೋಡಿ, ನಿಜವಾದ ತಪ್ಪು. ಅಲ್ಲಿವರೆಗಿನದನ್ನು ಗೊತ್ತಿಲ್ಲದೆ ಮಾಡಿದಳು ಅನ್ನಬಹುದು. ಇದನ್ನು ಗೊತ್ತಿದ್ದೇ ಮಾಡಿದಳು.

"ಸಿಕ್ದಾಗ ದೊಡ್ಡದ್ ಮಾಡ್ಸವ್ವ. ನಿಮ್ಮವ್ವ ದಿನಾ ಆ ಮೊಳೆ ನೋಡ್ತಾಳೆ" ಅಂತ ಹೇಳಿ ದೇವಯ್ಯ ಒಂದು ಗಂಟೆ ಬಸ್ಸಿಗೆ ಹೋದ. ಮಗಳ ಮಾತನ್ನು ಅವನು ಒಂದು ಚೂರೂ ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

ಒಂದು ವಾರ ರಂಜಿತ ಹುಡುಕದ ಜಾಗವಿಲ್ಲ. ಹಳೇ ಫೋನು, ಪೆನ್‌ಡ್ರೈವು, ಸಂತೋಷನ ಸ್ಕೂಲಿನ ಲ್ಯಾಪ್‌ಟಾಪು. ಅಳಿಸಿದ್ದನ್ನು ವಾಪಸ್ಸು ತರುವ ಅಂಗಡಿಯವನು "ಮೂರು ವರ್ಷ ಆಯ್ತಲ್ಲ ಮೇಡಂ, ಅದರ ಮೇಲೆ ನೀವೇ ಏನೇನೋ ತುಂಬಿದ್ದೀರ" ಅಂದ. ತುಂಬಿದ್ದದ್ದೂ ತಿಥಿ ವಿಡಿಯೊಗಳೇ.

ಆಮೇಲೆ ಒಂದು ಕಳ್ಳ ಯೋಚನೆ ಬಂತು. ಹೇಗೂ ಭುಜ ಇದೆ. ಹೊಸ ಮುಖ ತೆಗೆದು ಕೂರಿಸಿ, ವಯಸ್ಸು ಸ್ವಲ್ಪ ತಿದ್ದಿ ಕೊಟ್ಟರೆ ಅವ್ವನಿಗೆ ಏನು ಗೊತ್ತಾಗುತ್ತದೆ? ಊರಿನವರ ತಲೆಯನ್ನೆಲ್ಲ ಕೂರಿಸಿದವಳಿಗೆ ಸ್ವಂತ ಅಪ್ಪನ ತಲೆ ಕಷ್ಟವೇ? ಭಾನುವಾರ ಚಿನಕುರಳಿಗೆ ಹೋಗಿ, ಹಸು ಕಟ್ಟುತ್ತಿದ್ದ ಅಪ್ಪನನ್ನು ನಿಲ್ಲಿಸಿ ಹದಿನಾಲ್ಕು ಫೋಟೋ ತೆಗೆದಳು. ಹದಿನಾಲ್ಕರಲ್ಲೂ ಕಣ್ಣು ಮುಚ್ಚಿತ್ತು. ಹೋಗಲಿ, ಕಣ್ಣನ್ನು ಆಧಾರ್ ಕಾರ್ಡಿನಿಂದ ತಂದರಾಯಿತು ಅಂತ ಮಾರನೇ ದಿನ ಅಂಗಡಿಯಲ್ಲಿ ಕೂತು ಮುಖವನ್ನು 'ಗಂಡಸು-1'ರ ಮೇಲೆ ಎಳೆದಳು.

ಬೇರೆಯವರ ತಲೆ ಕೂರಿಸುವಾಗ ಕತ್ತು ಹಿಗ್ಗಿಸಬೇಕು, ಬಣ್ಣ ತಿದ್ದಬೇಕು, ಅಂಚು ಮೆತ್ತಗೆ ಮಾಡಬೇಕು. ಇಲ್ಲಿ ಏನೂ ಬೇಕಾಗಲಿಲ್ಲ. ಕತ್ತಿನ ಗೆರೆ ಕತ್ತಿನ ಗೆರೆಗೆ ತಾನಾಗಿ ಸೇರಿಕೊಂಡಿತು. ಏಳು ವರ್ಷದಲ್ಲಿ ಮೊದಲ ಸಲ ಆ ಭುಜದ ಮೇಲೆ ಅದರ ತಲೆ ಬಂದು ಕೂತಿತ್ತು. ಹಳೆಯ ಅಭ್ಯಾಸಕ್ಕೆ ಕೈ ಗುಂಡಿ ಒತ್ತಿತು, ಉಸಿರು ಶುರುವಾಯಿತು, ಹಿಂದೆ ದೀಪ ಹತ್ತಿತು, ಮೇಲಿಂದ ಹೂವು ಉದುರತೊಡಗಿತು. ಕಣ್ಣು ಮುಚ್ಚಿದ ಅಪ್ಪ ಹೂವಿನ ಮಳೆಯಲ್ಲಿ ಕೂತಿದ್ದ.

ರಂಜಿತ ಕಂಪ್ಯೂಟರಿನ ವೈರನ್ನೇ ಕಿತ್ತಳು. ಬೀಗ ಹಾಕಿ, ಚಪ್ಪಲಿ ಯಾವುದು ಮೆಟ್ಟಿದೆ ಅನ್ನುವುದನ್ನೂ ನೋಡದೆ ಚಿನಕುರಳಿಯ ಬಸ್ಸು ಹತ್ತಿದಳು.

ದೇವಯ್ಯ ಡೈರಿಯಿಂದ ಬಂದು ಜಗಲಿ ಮೇಲೆ ಕೂತಿದ್ದ. ಇವಳು ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದಳು. "ಅಪ್ಪ, ಬೇರೆ ಡಿಸ್ಕು ಇಲ್ಲ. ಸುಳ್ಳು ಹೇಳ್ದೆ. ನಿನ್ ಮುಖ ನಾನೇ ಅಳಿಸ್ಬುಟ್ಟೆ. ಭುಜ ಬೇಕಾಗಿತ್ತು, ಮುಖ ಬೇಕಾಗಿರ್ಲಿಲ್ಲ, ಅಳಿಸ್ಬುಟ್ಟೆ."

ಒಳಗೆ ಪುಟ್ಟಗೌರಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದ್ದಳು.

"ನಿನ್ ಕೈ ಇತ್ತಲ್ಲ, ಇಲ್ಲಿ?" ಅಂತ ದೇವಯ್ಯ ಎಡಭುಜ ಮುಟ್ಟಿಕೊಂಡ.

"ಅದನ್ನೂವೆ ಅಳಿಸ್ದೆ."

"ನಾನ್ ಅವತ್ತು ಕ್ಯಾಮ್ರಾ ನೋಡ್ತಿರ್ಲಿಲ್ಲ ಕಣವ್ವ" ಅಂದ ದೇವಯ್ಯ. "ಕ್ಯಾಮ್ರಾ ನೋಡಿದ್ರೆ ಮುಚ್ಕತಿತ್ತು. ನೀನು ಹೆಗಲು ಇಡ್ಕೊಂಡು ಬುಡ್ಲಿಲ್ಲ, ಕಾರು ನಿಂತದೆ, ಎಲ್ರೂ ಕೂಗ್ತಾವ್ರೆ, ನೀನು ಬುಡ್ತಾ ಇಲ್ಲ. ನಿನ್ನೇ ನೋಡ್ತಿದ್ದೆ. ಅದ್ಕೇ ಬುಟ್ಟಿತ್ತು ಕಣ್ಣು."

ಸಿಟ್ಟು ಮಾಡಿಕೊಂಡು ಹೇಳಲಿಲ್ಲ. ಡೈರಿಯಲ್ಲಿ ಹಾಲು ಎಷ್ಟು ಬಂತು ಅನ್ನುವ ಹಾಗೆ ಹೇಳಿದ. ರಂಜಿತ ಅವನ ಪಕ್ಕ ಜಗಲಿ ಮೇಲೆ ಕೂತಳು. ಬೈಯಪ್ಪ ಅಂದಳು. ಬಾಯಿ ತುಂಬ ಬೈದುಬುಡು ಅಂದಳು. ಅವನು ಬೈಯಲಿಲ್ಲ.

ಒಳಗಿಂದ ಪುಟ್ಟಗೌರಮ್ಮನೇ ಬಂದಳು, ಸೆರಗಿಗೆ ಕೈ ಒರೆಸಿಕೊಂಡು. "ಆಗಿದ್ದಾಯ್ತು. ಅತ್ರೆ ಮಕ ಬತ್ತದಾ? ನಿನ್ ಫೋನ್ ಕೊಡು ಇಲ್ಲಿ. ಹೋಗು, ಹೆಗಲು ಇಡ್ಕೊಂಡು ನಿಂತ್ಕ. ನಾನ್ ತಗೀತೀನಿ" ಅಂದಳು. ಎಲ್ಲಿ ಒತ್ತಬೇಕು ಅಂತ ಅವಳಿಗೆ ಎರಡು ಸಲ ಹೇಳಿಕೊಡಬೇಕಾಯಿತು. ರಂಜಿತ ಎದ್ದು ಅಪ್ಪನ ಎಡಭುಜದ ಮೇಲೆ ಕೈಯಿಟ್ಟಳು. ಒಂಬತ್ತು ವರ್ಷದಲ್ಲಿ ಭುಜ ಸಣ್ಣಗಾಗಿತ್ತು, ಮೂಳೆ ಸಿಕ್ಕಿತು. ದೇವಯ್ಯ ತಿರುಗಿ ಮಗಳ ಮುಖ ನೋಡಿದ. ಪುಟ್ಟಗೌರಮ್ಮ ಒತ್ತಿದಳು.

ಆ ಫೋಟೋ ಈಗ ಅದೇ ಮೊಳೆಯ ಮೇಲಿದೆ. ರಂಜಿತ ಅದಕ್ಕೆ ಏನೂ ಮಾಡಲಿಲ್ಲ, ಮೂಲೆಯಲ್ಲಿ ಬಂದಿದ್ದ ಹಸುವಿನ ಬಾಲವನ್ನೂ ತೆಗೆಯಲಿಲ್ಲ. 'ಗಂಡಸು-1' ಅನ್ನು ಅವಳು ಮತ್ತೆ ಯಾರಿಗೂ ಬಳಸಿಲ್ಲ. ಹೆಸರನ್ನು ತಿರುಗಿ 'ಅಪ್ಪ' ಅಂತ ಮಾಡಿದ್ದಾಳೆ. ಈಗ ಯಾರಾದರೂ ತಲೆ ಮಾತ್ರ ತಂದರೆ ತಲೆಯಷ್ಟನ್ನೇ ತೋರಿಸುತ್ತಾಳೆ, ಉಸಿರಿಲ್ಲ. ಮೊದಲಿನ ಥರ ಇಲ್ಲ ಇವಳ ಕೆಲಸ ಅಂತ ಜನ ಆಡಿಕೊಳ್ಳುತ್ತಾರೆ.

ಹೊಸ ಫೋಟೋದಲ್ಲಿ ದೇವಯ್ಯನ ಕಣ್ಣು ಪೂರ್ತಿ ಬಿಟ್ಟಿದೆ. ನೀರಿಲ್ಲ, ನಗುವೂ ಇಲ್ಲ. ಮಗಳನ್ನು ನೋಡುತ್ತಿದ್ದಾನೆ ಅಷ್ಟೆ. ಬಂದವರೆಲ್ಲ "ಏನ್ ದೇವಣ್ಣ, ಮಗಳನ್ನ ಇಂಗ್ ನೋಡ್ತಿದ್ದೀಯ, ಏನ್ ಮಾಡಿದ್ಲು?" ಅಂತ ಕೇಳುತ್ತಾರೆ. "ಏನೂ ಇಲ್ಲ ಬುಡು" ಅನ್ನುತ್ತಾನೆ.

ರಂಜಿತ ಚಿನಕುರಳಿಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಉಣ್ಣಲು ಕೂರುತ್ತಾಳೆ. "ಇತ್ತಗ್ ತಿರುಕ್ಕಳೇ, ಫ್ಯಾನ್ ಗಾಳಿ ಬತ್ತದೆ" ಅಂತ ಪುಟ್ಟಗೌರಮ್ಮ ಪ್ರತಿ ಸಲ ಹೇಳುತ್ತಾಳೆ. ಇವಳು ತಟ್ಟೆಯಿಂದ ತಲೆ ಎತ್ತುವುದಿಲ್ಲ. "ಬುಡಮ್ಮಿ, ಅವ್ಳು ಅಲ್ಲೇ ಕೂತ್ಕಳ್ಳಿ" ಅನ್ನುತ್ತಾನೆ ದೇವಯ್ಯ.